ಪ್ಯಾನ್‌ಮನ್ ಏಪ್ರಿಲ್‌ನಲ್ಲೇ ಹೊರಟಿರುತ್ತಾನೆ

ಸಕ್ಕರೆ ಕಾರ್ಖಾನೆಗೆ ರಾಜೀನಾಮೆ ಪತ್ರಗಳು ಬರುವುದು ಸೆಪ್ಟೆಂಬರ್‌ನಲ್ಲಿ. ರೋಲರ್ ಪೂಜೆ ಮುಗಿದಿರುತ್ತದೆ, ಬಾಯ್ಲರ್ ಪ್ರದೀಪನಕ್ಕೆ ಸ್ವಾಮಿಗಳ ದಿನ ಕೇಳುತ್ತಿರುತ್ತಾರೆ, ಆಗ ಹಾಜರಿ ನೋಡುವ ಟೈಮ್ ಆಫೀಸಿನ ಮೇಜಿನ ಮೇಲೆ ಪ್ಯಾನ್‌ಮನ್‌ನ, ಅಂದರೆ ಪ್ಯಾನ್ ಎಂಬ ದೊಡ್ಡ ಪಾತ್ರೆಯಲ್ಲಿ ಪಾಕ ಕುದಿಸಿ ಸಕ್ಕರೆ ಕಾಳು ಕಟ್ಟುವವನ, ಅರ್ಧ ಹಾಳೆಯ ಅರ್ಜಿ ಬಂದು ಬೀಳುತ್ತದೆ: 'ನನ್ನ ಖಾಸಗಿ ಕಾರಣಗಳಿಂದಾಗಿ...'. ಎಂ.ಡಿ. ಸಾಹೇಬರು ಸಿಟ್ಟಾಗುತ್ತಾರೆ. ಚೀಫ್ ಕೆಮಿಸ್ಟ್ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಯಾರೋ ಒಬ್ಬರು 'ಎರಡ ಸಾವಿರ ಜಾಸ್ತಿ ಮಾಡಿ ಕೂಡ್ರಸ್ರಿ' ಅನ್ನುತ್ತಾರೆ. ಅಷ್ಟೊತ್ತಿಗೆ ಕೈ ಮೀರಿರುತ್ತದೆ. ಆ ಮನುಷ್ಯ ತೀರ್ಮಾನ ಮಾಡಿದ್ದು ಏಪ್ರಿಲ್‌ನಲ್ಲಿ. ಸೀಜನ್ ಬಂದ್ ಆಗಿ ಮನೆಯಲ್ಲಿ ಕೂತು, ಫೆಬ್ರವರಿ ಪಗಾರ ಇನ್ನೂ ಬಂದಿಲ್ಲವಲ್ಲ, ಮಗಳ ಶಾಲೆಯ ಫೀ ಹೇಗೆ ಎಂದು ಲೆಕ್ಕ ಹಾಕಿದ ದಿನವೇ ಅವನು ಹೊರಟಾಗಿತ್ತು.

ಮುಧೋಳ, ಜಮಖಂಡಿ, ರಬಕವಿ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಈ ಮಾತು ಎಲ್ಲ ಕಾರ್ಖಾನೆಗೂ ಅನ್ವಯಿಸುತ್ತದೆ. ಘಟಪ್ರಭೆ, ಕೃಷ್ಣೆಯ ದಂಡೆಯುದ್ದಕ್ಕೂ ಚಿಮಣಿಗಳಿವೆ. ಗಡಿ ದಾಟಿದರೆ ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ. ಕೈಗುಣ ಇದ್ದವನಿಗೆ ಬೈಕ್ ಮೇಲೆ ಹೋಗಿ ಬರುವ ದೂರದಲ್ಲೇ ಇನ್ನೊಂದು ಕೆಲಸ ಇರುತ್ತದೆ. ಇನ್ನೂ ದೂರ ಹೋಗುವವರಿಗೆ ಉಗಾಂಡಾ, ಕೀನ್ಯಾ, ಟಾಂಜಾನಿಯಾ. ಹೀಗಿರುವಾಗ ಆಫ್ ಸೀಜನ್ನಿನ ಆರು ತಿಂಗಳಲ್ಲಿ ಜನರನ್ನು ಉಳಿಸಿಕೊಳ್ಳುವ ಕೆಲಸ ಹೇಗೆ ನಡೆಯಬೇಕು, ಎಲ್ಲಿ ಎಡವುತ್ತದೆ ಎಂಬುದನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇವೆ.

ಮೊದಲ ಕೆಲಸ ಕಾರ್ಖಾನೆ ಬಂದ್ ಆದ ವಾರದಲ್ಲೇ ಆಗಬೇಕು: ಪಟ್ಟಿ. ಅದರಲ್ಲಿ ಹೆಸರು ಬೇಡ, ಕುರ್ಚಿಗಳಿದ್ದರೆ ಸಾಕು. ಹೆಸರು ಬರೆಯಲು ಹೊರಟರೆ ಎಲ್ಲರಿಗೂ ಬೇಕಾದವರು, ನಿರ್ದೇಶಕರ ಕಡೆಯವರು, ದಿನಾ ಆಫೀಸಿನಲ್ಲಿ ಮುಖ ತೋರಿಸುವವರು ಮೇಲೆ ಬರುತ್ತಾರೆ. ಕುರ್ಚಿ ಬರೆದರೆ ಸತ್ಯ ಕಾಣುತ್ತದೆ. ಪ್ರತಿ ಕುರ್ಚಿಗೂ ಮೂರೇ ಪ್ರಶ್ನೆ: ಇದು ನಾಳೆ ಖಾಲಿಯಾದರೆ ಎಷ್ಟು ತಾಸಿನಲ್ಲಿ ಮಿಲ್ ನಿಲ್ಲುತ್ತದೆ? ಇದಕ್ಕೆ ಸರ್ಕಾರದ ಪ್ರಮಾಣಪತ್ರ ಬೇಕೋ? ಪಾಳಿಯಲ್ಲಿ ಇದರ ಹಿಂದೆ ಎರಡನೇ ಕೈ ಯಾರದು? ಆರುನೂರು ಜನರ ಕಾರ್ಖಾನೆಯಲ್ಲಿ ಈ ಜರಡಿ ಹಿಡಿದರೆ ಇಪ್ಪತ್ತರಿಂದ ಇಪ್ಪತ್ತೈದು ಕುರ್ಚಿ ಉಳಿಯುತ್ತವೆ. ಪ್ಯಾನ್ ಇನ್‌ಚಾರ್ಜ್ ಮತ್ತು ಮೂರು ಪಾಳಿಯ ಪ್ಯಾನ್‌ಮನ್‌ಗಳು, ಬಾಯ್ಲರ್ ಅಟೆಂಡೆಂಟ್‌ಗಳು, ಟರ್ಬೈನ್ ಆಪರೇಟರ್, ಮಿಲ್ ಫಿಟ್ಟರ್, ಜೂಸ್ ಸಲ್ಫಿಟೇಶನ್ (ಗಂಧಕದ ಹೊಗೆ ಕೊಟ್ಟು ಕಬ್ಬಿನ ರಸ ಶುದ್ಧ ಮಾಡುವುದು) ನೋಡುವವರು, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಬಾಯ್ಲರ್ ವಿಷಯದಲ್ಲಿ ಹೆಚ್ಚು ಹೇಳುವುದೇ ಬೇಡ. ಪ್ರಮಾಣಪತ್ರ ಇಲ್ಲದವರ ಕೈಗೆ ಬಾಯ್ಲರ್ ಕೊಡಲು ಕಾನೂನೇ ಬಿಡುವುದಿಲ್ಲ, ಆದ್ದರಿಂದ ಆ ಕುರ್ಚಿಯ ಬೆಲೆ ಎಲ್ಲ ಮಾಲೀಕರಿಗೂ ಗೊತ್ತು. ಗೊತ್ತಿಲ್ಲದೇ ಇರುವುದು ಪ್ಯಾನ್‌ಮನ್‌ನ ಬೆಲೆ.

ಅದನ್ನು ಆಡಳಿತ ಮಂಡಳಿಗೆ ತಿಳಿಸಲು ಒಂದೇ ದಾರಿ, ಕಾಕಂಬಿಯ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಮೊಲಾಸಿಸ್) ಲೆಕ್ಕ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆ ಅಂತಿಟ್ಟುಕೊಳ್ಳಿ. ಕಬ್ಬಿನ ಮೇಲೆ ಶೇ. 4.5 ಕಾಕಂಬಿ ಎಂದರೆ 225 ಟನ್. ಬ್ರಿಕ್ಸ್ (ನೂರರಲ್ಲಿ ಕರಗಿದ ಘನ ಪದಾರ್ಥದ ಪಾಲು) 90ರ ಆಸುಪಾಸು ಹಿಡಿದರೆ ಅದರಲ್ಲಿ ಘನ ಪದಾರ್ಥ ಸುಮಾರು 200 ಟನ್. ಪ್ಯುರಿಟಿ (ಆ ಘನ ಪದಾರ್ಥದಲ್ಲಿ ಸಕ್ಕರೆಯ ಶೇಕಡಾ ಪಾಲು) 30 ಇದ್ದರೆ 60 ಟನ್ ಸಕ್ಕರೆ ಕಾಕಂಬಿಯಲ್ಲಿ ಹೋಗುತ್ತದೆ, ಉಳಿದ 140 ಟನ್ ಸಕ್ಕರೆಯಲ್ಲದ್ದು. ಆ 140 ಟನ್ ಕಬ್ಬಿನಿಂದಲೇ ಬಂದದ್ದು, ಅದು ಕಡಿಮೆಯಾಗುವುದಿಲ್ಲ. ಪ್ಯುರಿಟಿ 30ರಿಂದ 31ಕ್ಕೆ ಏರಿದರೆ ಅದೇ 140 ಟನ್ ತನ್ನ ಜೊತೆ 62.9 ಟನ್ ಸಕ್ಕರೆ ಎಳೆದುಕೊಂಡು ಹೋಗುತ್ತದೆ. ಒಂದೇ ಪಾಯಿಂಟಿಗೆ ದಿನಕ್ಕೆ 2.9 ಟನ್. ಕೇಂದ್ರ ಸರ್ಕಾರ 2019ರಲ್ಲಿ ಗೊತ್ತುಮಾಡಿದ ಕನಿಷ್ಠ ಮಾರಾಟ ಬೆಲೆ ಕಿಲೋಗೆ 31 ರೂಪಾಯಿ ಹಿಡಿದರೂ ದಿನಕ್ಕೆ ಸುಮಾರು 90,000 ರೂಪಾಯಿ. ಹೆಚ್ಚಿದ ಕಾಕಂಬಿ ಮಾರಿ ಬರುವುದನ್ನು ಕಳೆದರೂ ಹತ್ತು ದಿನದ ನಷ್ಟದಲ್ಲಿ ಒಬ್ಬ ಒಳ್ಳೆ ಪ್ಯಾನ್‌ಮನ್‌ನ ಇಡೀ ವರ್ಷದ ಪಗಾರ ಎದ್ದು ಬರುತ್ತದೆ. ಹೊಸಬನ ಕೈಯಲ್ಲಿ ಪ್ಯುರಿಟಿ ಒಂದಲ್ಲ, ಎರಡು ಮೂರು ಪಾಯಿಂಟ್ ಏರುವುದು ಅಪರೂಪವೇನಲ್ಲ. (ಪಾಕವನ್ನು ಎ, ಬಿ, ಸಿ ಎಂದು ಮೂರು ಸಲ ಕುದಿಸಿ ಸಕ್ಕರೆ ತೆಗೆಯುತ್ತಾರೆ, ಸಿ ಕೊನೆಯದು. ಎರಡನೆಯದರಲ್ಲಿ ಉಳಿಯುವ ಬಿ-ಹೆವಿ ಕಾಕಂಬಿಯನ್ನು ಇಥೆನಾಲ್‌ಗೆ ಕಳಿಸುವ ಕಾರ್ಖಾನೆಗಳಲ್ಲಿ ಸಿ ಪ್ಯಾನ್ ಕೆಲಸವೇ ಇರುವುದಿಲ್ಲ, ಅಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಡಿಸ್ಟಿಲರಿ ಆಪರೇಟರ್‌ನ ಕುರ್ಚಿಗೆ ಇದೇ ರೀತಿ ಕೂಡಿ ಕಳೆದು ನೋಡಬೇಕು.)

ಪ್ಯುರಿಟಿ ಏಕೆ ಏರುತ್ತದೆ ಎಂಬುದು ಪ್ಯಾನ್ ಫ್ಲೋರ್ ಮೇಲೆ ರಾತ್ರಿ ಎರಡು ಗಂಟೆಗೆ ನಿಂತವರಿಗೆ ಗೊತ್ತು. ಸಿ ಪ್ಯಾನ್‌ನಲ್ಲಿ ಕಾಳು ಕಟ್ಟುವ ಹೊತ್ತು. ಪ್ಯಾನಿನೊಳಗಿನ ವ್ಯಾಕ್ಯೂಮ್ (ನಿರ್ವಾತ) 25-26 ಇಂಚಿನಲ್ಲಿ ನಿಂತಿದೆ, ಒಳಗಿನ ಬಿಸಿ 65 ಡಿಗ್ರಿ ಆಸುಪಾಸು. ಪ್ಯಾನ್‌ಮನ್ ಮಾದರಿ ತೆಗೆಯುವ ಪ್ರೂಫ್ ಸ್ಟಿಕ್ ಎಳೆದು, ಒಂದು ಹನಿಯನ್ನು ಗಾಜಿನ ಪಟ್ಟಿಗೆ ಸವರಿ ಬಲ್ಬಿಗೆ ಹಿಡಿಯುತ್ತಾನೆ. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುತ್ತಾನೆ. ಎಳೆ ಎಷ್ಟು ಉದ್ದ ಬಂದು ಹರಿಯಿತು ಎಂಬುದೇ ಅವನ ಮೀಟರ್. ಸರಿಯಾದ ಗಳಿಗೆಗೆ ಸ್ಪಿರಿಟ್‌ನಲ್ಲಿ ಅರೆದ ಸಕ್ಕರೆಯ ಸ್ಲರಿ ಒಳಗೆ ಹೋಗಬೇಕು. ಆಮೇಲೆ ಸಿರಪ್ ಅಥವಾ ಮೊಲಾಸಿಸ್ ಕೊಡುವ ವೇಗ ಕಾಳು ಬೆಳೆಯುವ ವೇಗಕ್ಕೆ ಸರಿಯಾಗಿರಬೇಕು. ಅಷ್ಟರಲ್ಲಿ ಪಕ್ಕದ ಪ್ಯಾನನ್ನು ಯಾರೋ ಒಮ್ಮೆಲೇ ಚಾಲೂ ಮಾಡಿದರೆ ವ್ಯಾಕ್ಯೂಮ್ ಕುಸಿದು ಮತ್ತೆ ಜಿಗಿಯುತ್ತದೆ. ಜಿಗಿದಾಗ ಬಿಸಿ ಇಳಿದು, ಇದ್ದ ಕಾಳಿನ ಮಧ್ಯೆ ಹೊಸ ಸಣ್ಣ ಕಾಳು ಹುಟ್ಟುತ್ತದೆ. ಅದೇ ಫಾಲ್ಸ್ ಗ್ರೇನ್. ಆ ಸಣ್ಣ ಕಾಳು ಸಕ್ಕರೆ ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದ ಜಾಳಿಗೆಯಿಂದ ಜಾರಿ ಸೀದಾ ಕಾಕಂಬಿ ಸೇರುತ್ತದೆ. ಅನುಭವಿ ಕೂಡಲೇ ಬಿಸಿನೀರು ಕೊಟ್ಟು, ಬಿಸಿ ಸ್ವಲ್ಪ ಏರಿಸಿ, ಸಣ್ಣದನ್ನಷ್ಟೇ ಕರಗಿಸಿ ಮುಂದುವರಿಯುತ್ತಾನೆ. ಅರ್ಧ ತಾಸು, ಒಂದಿಷ್ಟು ಸ್ಟೀಮ್ ಹೋಯಿತು, ಅಷ್ಟೇ. ಹೊಸಬ ಹೆದರಿ ನೀರು ಹೆಚ್ಚು ಬಿಟ್ಟು ಇಡೀ ಕಾಳನ್ನೇ ಕರಗಿಸುತ್ತಾನೆ, ಇಲ್ಲವೇ ಗೊತ್ತೇ ಆಗದೆ ಹಾಗೇ ಡ್ರಾಪ್ ಮಾಡುತ್ತಾನೆ (ಪ್ಯಾನಿನಿಂದ ಕೆಳಗಿಳಿಸುತ್ತಾನೆ). ಸಿ ಪ್ಯಾನ್ ಒಂದಕ್ಕೆ ಆರರಿಂದ ಎಂಟು ತಾಸು. ಅದು ಕೆಟ್ಟರೆ ಹಿಂದಿನ ಟ್ಯಾಂಕ್‌ಗಳೆಲ್ಲ ತುಂಬಿ, ಕೊನೆಗೆ ಮಿಲ್‌ನ ವೇಗ ತಗ್ಗಿಸಬೇಕಾಗುತ್ತದೆ, ಹೊರಗೆ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ.

ಇನ್ನು ಅವರು ಹೋಗುವ ಕಾರಣಗಳು. ಅರ್ಜಿಯಲ್ಲಿ 'ಖಾಸಗಿ' ಎಂದಿರುತ್ತದೆ, ಬಾಯಲ್ಲಿ 'ಪಗಾರ ಕಡಿಮಿ' ಎನ್ನುತ್ತಾರೆ. ಎರಡನ್ನೂ ನಂಬಬಾರದು. ಮಾತು ಏಪ್ರಿಲ್-ಮೇದಲ್ಲಿ ಆಗಬೇಕು, ಯುಗಾದಿ ಮತ್ತು ಬಸವ ಜಯಂತಿಯ ನಡುವೆ ಆದರೆ ಉತ್ತಮ, ಮತ್ತು ಆಫೀಸಿನಲ್ಲಂತೂ ಬೇಡ. ಆಫೀಸಿಗೆ ಕರೆದರೆ ಎದುರು ನಿಂತು 'ಎಲ್ಲಾ ಚೊಲೋ ಐತ್ರಿ' ಅನ್ನುತ್ತಾರೆ. ಕ್ವಾರ್ಟರ್ಸ್‌ಗೆ ಹೋಗಿ ಚಹಾ ಕುಡಿಯುತ್ತ ಕೂರಬೇಕು. 'ಬಿಡ್ತೀರೇನು?' ಎಂದು ಕೇಳಬಾರದು. 'ಹೋದ ಸೀಜನ್ನಿಗೆ ಏನ್ ತ್ರಾಸ ಆತ್ರಿ?' ಎಂದು ಕೇಳಿ ಸುಮ್ಮನಿರಬೇಕು. ಮಾತು ಒಳಗಿನಿಂದ, ಅಡುಗೆಮನೆ ಕಡೆಯಿಂದ ಬರುತ್ತದೆ: 'ಮಳಿ ಬಂದ್ರ ಮಕ್ಕಳ ಪುಸ್ತಕ ತಲಿ ಮ್ಯಾಲ ಹೊತ್ಕೊಂಡ ಕುಂದ್ರಬೇಕ್ರಿ.' ಮೂರು ವರ್ಷದಿಂದ ಸೋರುತ್ತಿರುವ ಮಾಳಿಗೆ. ದುರಸ್ತಿಗೆ ಸಿವಿಲ್ ವಿಭಾಗಕ್ಕೆ ಕೊಟ್ಟ ಅರ್ಜಿ ಎಲ್ಲೋ ಫೈಲಿನಲ್ಲಿದೆ. ಇಂಥದ್ದಕ್ಕೆ ಪಗಾರ ಎರಡು ಸಾವಿರ ಏರಿಸಿ ಕೂತರೆ ಅವರು ಸೆಪ್ಟೆಂಬರ್‌ನಲ್ಲಿ ಹೋಗಿಯೇ ಹೋಗುತ್ತಾರೆ. ಮಕ್ಕಳ ಶಾಲೆ ಇನ್ನೊಂದು ದೊಡ್ಡ ಮಾತು. ಜೂನ್‌ನಲ್ಲಿ ಟಿ.ಸಿ. ತೆಗೆಸಿಕೊಂಡರು ಎಂದರೆ ಅದೇ ನಿಜವಾದ ರಾಜೀನಾಮೆ, ಕಾಗದ ಆಮೇಲೆ ಬರುತ್ತದೆ. ಟೈಮ್ ಆಫೀಸಿನವರು ಶಾಲೆಗೆ ಹೋಗುವ ಬಸ್ಸಿನ ಪಟ್ಟಿಯ ಮೇಲೊಂದು ಕಣ್ಣಿಟ್ಟಿರಬೇಕು.

ಆದರೂ ಮೊದಲನೇ ಕಾರಣ ಹಣವೇ, ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು. 'ಪಗಾರ ಕಡಿಮಿ ಅಂತ ಹೊಂಟಿಲ್ರಿ ಸಾಹೇಬ್ರ, ಯಾವಾಗ ಬರ್ತೈತಿ ಅನ್ನೋದ ಗೊತ್ತಾಗಂಗಿಲ್ಲಲ್ರಿ' ಎಂಬ ಮಾತು ಕೇಳದ ಟೈಮ್ ಆಫೀಸ್ ಈ ಭಾಗದಲ್ಲಿ ಇಲ್ಲ. ಇದಕ್ಕೆ ಮಾಲೀಕರ ಜಿಪುಣತನವೊಂದೇ ಕಾರಣವಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬಿನ ಬಿಲ್ 14 ದಿನದಲ್ಲಿ ಕೊಡಬೇಕು, ತಡವಾದರೆ ಶೇ. 15 ಬಡ್ಡಿ. ಸಕ್ಕರೆಯನ್ನೋ, ತಯಾರಾದಷ್ಟೂ ಒಮ್ಮೆಲೇ ಮಾರುವಂತಿಲ್ಲ. 2018ರಿಂದ ತಿಂಗಳಿಗೆ ಇಷ್ಟು ಎಂದು ಕೇಂದ್ರದ ಕೋಟಾ ಬರುತ್ತದೆ. ನಾಲ್ಕೈದು ತಿಂಗಳಲ್ಲಿ ಖರ್ಚೆಲ್ಲ, ವರ್ಷವಿಡೀ ತುಸುತುಸುವೇ ಜಮೆ. ನಡುವೆ ಸಿಕ್ಕಿಬೀಳುವುದು ಪಗಾರ. ತಾರೀಖು 7ರೊಳಗೆ ಕೊಡಬೇಕೆಂದು ಕಾನೂನು ಹೇಳಿದರೂ ಮಾರ್ಚ್ ಪಗಾರ ಮೇ ಕೊನೆಗೆ ಬರುವುದನ್ನು ಜನ ನೋಡಿದ್ದಾರೆ. ಇಲ್ಲಿ ಫಲ ಕೊಟ್ಟದ್ದು ಒಂದೇ ಉಪಾಯ: ಜನವರಿಯಿಂದಲೇ ಸಕ್ಕರೆ ಮತ್ತು ಇಥೆನಾಲ್ ಜಮೆಯಲ್ಲಿ ಆಫ್ ಸೀಜನ್ನಿನ ಪಗಾರದಷ್ಟನ್ನು ಬೇರೆ ಖಾತೆಗೆ ಎತ್ತಿಡುವುದು, ಮತ್ತು ಆ ಖಾತೆಯ ಸಹಿ ಖರೀದಿ ವಿಭಾಗದ ಕೈಗೆ ಸಿಗದಂತೆ ನೋಡಿಕೊಳ್ಳುವುದು. ಜುಲೈನಲ್ಲಿ ರೋಲರ್ ಶೆಲ್ಲಿಂಗ್ (ಸವೆದ ರೋಲರ್‌ಗೆ ಹೊಸ ಹೊದಿಕೆ ಹಾಕುವುದು) ಬಿಲ್ ಬಂದಾಗ ಮೊದಲು ಕೈ ಹೋಗುವುದು ಅದೇ ಖಾತೆಗೆ.

ಪಿ.ಎಫ್. ವಿಷಯದಲ್ಲಿ ಯಾರನ್ನೂ ಮರುಳು ಮಾಡಲು ಆಗದ ಕಾಲ ಇದು. ಮುಂದಿನ ತಿಂಗಳ 15ರೊಳಗೆ ಹಣ ತುಂಬಬೇಕು. ತುಂಬಿದರೆ ಕೆಲಸಗಾರನ ಮೊಬೈಲ್‌ಗೆ ಸಂದೇಶ ಬರುತ್ತದೆ, ಬರಲಿಲ್ಲ ಎಂದರೆ ತುಂಬಿಲ್ಲ. ಪಗಾರದಲ್ಲಿ ಶೇ. 12 ಮುರಿದುಕೊಂಡು ಖಾತೆಗೆ ಹಾಕದ ಕಾರ್ಖಾನೆಯಲ್ಲಿ ಜಾಣನಾದವನು ಇನ್ನೊಂದು ಸೀಜನ್ ನಿಲ್ಲುವುದಿಲ್ಲ. ನಿಲ್ಲಲೂ ಬಾರದು.

ಸಕ್ಕರೆ ಉದ್ಯಮದಲ್ಲಿ ರಿಟೆನ್ಶನ್ ಅಲೋನ್ಸ್ ಎಂಬುದು ಮೊದಲಿನಿಂದಲೂ ಇದೆ. ಸೀಜನಲ್ ಕೆಲಸಗಾರ ಮುಂದಿನ ಸೀಜನ್ನಿಗೆ ಮರಳಿ ಬರಲಿ ಎಂದೇ ಆಫ್ ಸೀಜನ್ನಿಗೆ ಕೊಡುವ ಪಾಲು. ಹೆಸರಿನಲ್ಲೇ ಉದ್ದೇಶವಿದ್ದರೂ ಕೊಡುವ ರೀತಿಯಲ್ಲಿ ಉದ್ದೇಶ ಸೋಲುತ್ತದೆ. ಎಷ್ಟೋ ಕಡೆ ನವೆಂಬರ್‌ನಲ್ಲಿ ಕೆಲಸಕ್ಕೆ ಹಾಜರಾದ ಮೇಲೆ ಒಟ್ಟಿಗೆ ಕೊಡುತ್ತಾರೆ. ಉದಾಹರಣೆಗೆ ತಿಂಗಳಿಗೆ 24,000 ಪಗಾರ, ಅದರ ಅರ್ಧ ಅಲೋನ್ಸ್, ಆರು ತಿಂಗಳ ಆಫ್ ಸೀಜನ್ ಎಂದರೆ 72,000. ನವೆಂಬರ್‌ನಲ್ಲಿ 72,000 ಸಿಗುತ್ತದೆ ಎಂಬ ಭರವಸೆ ಮೇ ತಿಂಗಳ ಕಿರಾಣಿ ಬಿಲ್ ತುಂಬುವುದಿಲ್ಲ. ಅವನು ಮೇದಲ್ಲಿ ಬೇರೆ ಕೆಲಸ ಹುಡುಕುತ್ತಾನೆ. ಸಿಕ್ಕಿದ ಮೇಲೆ 72,000 ಬಿಡುವುದು ಅವನಿಗೆ ಕಷ್ಟವಾಗುವುದಿಲ್ಲ, ಏಕೆಂದರೆ ಹೊಸ ಮಾಲೀಕ ಅದನ್ನೇ 'ಜಾಯ್ನಿಂಗ್' ಎಂದು ಕೈಗೆ ಕೊಡುತ್ತಾನೆ. ಅದೇ ಮೊತ್ತವನ್ನು ಬೇರೆ ಥರ ಹಂಚಬಹುದು: ತಿಂಗಳಿಗೆ 8,000ದಂತೆ ಆರು ತಿಂಗಳು, 48,000. ಉಳಿದ 24,000 ಮೊದಲ ತಿಂಗಳ ಪಗಾರದ ಜೊತೆ. ಒಂದು ರೂಪಾಯಿ ಹೆಚ್ಚಿಗೆ ಖರ್ಚಿಲ್ಲ. ಐದು ತಿಂಗಳ ಹಣ ತಗೊಂಡು ಆರನೆಯ ತಿಂಗಳು ಹೋಗುವವರೂ ಇರುತ್ತಾರೆ. ನಷ್ಟ 40,000. ಮೇಲಿನ ಕಾಕಂಬಿ ಲೆಕ್ಕದಲ್ಲಿ ಅದು ಅರ್ಧ ದಿನದ್ದು. ಲೆಕ್ಕ ವಿಭಾಗದವರು ಈ ಒಬ್ಬನನ್ನು ತೋರಿಸಿ ಪದ್ಧತಿಯನ್ನೇ ನಿಲ್ಲಿಸಲು ಹೇಳುತ್ತಾರೆ, ಮಣಿಯಬಾರದು.

ಪಟ್ಟಿಯ ಇಪ್ಪತ್ತೈದು ಕುರ್ಚಿಗಳಲ್ಲಿ ಸೀಜನಲ್ ಆಗಿ ಉಳಿದವರನ್ನು ಪರ್ಮನೆಂಟ್ ಮಾಡಬೇಕೋ ಎಂಬ ಚರ್ಚೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಮುಂದೆ ಹೋಗುತ್ತದೆ. ಕೆಲಸಗಾರ ಗ್ರಾಚ್ಯುಟಿಯ ಲೆಕ್ಕ ಹಾಕಿ ನೋಡಿರುತ್ತಾನೆ, ಆಡಳಿತ ಹಾಕಿರುವುದಿಲ್ಲ. ಕಾಯಂ ಇದ್ದವನಿಗೆ ವರ್ಷಕ್ಕೆ 15 ದಿನದ ಪಗಾರ, ಸೀಜನಲ್ ಇದ್ದವನಿಗೆ ಸೀಜನ್ನಿಗೆ 7 ದಿನದ್ದು. ಗ್ರಾಚ್ಯುಟಿಗೆ ಹಿಡಿಯುವ ಪಗಾರ 26,000, ಹತ್ತು ವರ್ಷದ ಸೇವೆ ಎಂದುಕೊಂಡರೆ, 26 ದಿನದ ಭಾಗಾಕಾರದಲ್ಲಿ ಮೊದಲನೆಯವನಿಗೆ 1,50,000, ಎರಡನೆಯವನಿಗೆ 70,000. ಒಂದೇ ಪ್ಯಾನ್, ಒಂದೇ ಪಾಳಿ. ಪಕ್ಕದ ಕಾರ್ಖಾನೆ ಕಾಯಂ ಆದೇಶ ಕೈಯಲ್ಲಿ ಹಿಡಿದು ಕರೆದರೆ ಅವನು ಏಕೆ ಹೋಗಬಾರದು?

ಅನುಭವಿಗಳಿಗಿಂತ ಹೆಚ್ಚು ಸದ್ದಿಲ್ಲದೆ ಹೋಗುವವರು ಎರಡನೇ ಕೈಗಳು, ಅಸಿಸ್ಟೆಂಟ್ ಪ್ಯಾನ್‌ಮನ್‌ಗಳು. ಎಂಟು ವರ್ಷ ವಾಲ್ವ್ ತಿರುಗಿಸಿ, ಪ್ಯಾನ್ ತೊಳೆದು, ಒಮ್ಮೆಯೂ ಸ್ವಂತ ಕೈಯಿಂದ ಕಾಳು ಕಟ್ಟದೆ ಉಳಿದವರು. ಹಿರಿಯ ಪ್ಯಾನ್‌ಮನ್ ಕಲಿಸುವುದಿಲ್ಲ, ಏಕೆಂದರೆ ಕಲಿಸಿದರೆ ತನ್ನ ಬೆಲೆ ಇಳಿಯುತ್ತದೆ ಎಂಬ ಹೆದರಿಕೆ. ಅದು ಸುಳ್ಳು ಹೆದರಿಕೆಯಲ್ಲ, ಹಾಗೆ ಆದದ್ದನ್ನು ಅವರು ಕಂಡಿದ್ದಾರೆ. ಆದ್ದರಿಂದ ಕಲಿಸುವುದಕ್ಕೇ ಬೇರೆ ಭತ್ಯೆ ಇಡಬೇಕು, ಶಿಷ್ಯ ಒಬ್ಬನೇ ಪ್ಯಾನ್ ತೆಗೆದ ದಿನದಿಂದ ಗುರುವಿಗೆ ಅದು ಸಿಗಬೇಕು, ಮತ್ತು ಗುರುವಿನ ಹುದ್ದೆ ಕಾಗದದ ಮೇಲೆ ಒಂದು ಮೆಟ್ಟಿಲು ಏರಬೇಕು. ಕಲಿಕೆಯ ಕ್ರಮವೂ ಮುಖ್ಯ. ಮೊದಲು ಎ ಪ್ಯಾನ್: ಅಲ್ಲಿ ಬಿ ಸಕ್ಕರೆಯ ಮ್ಯಾಗ್ಮಾ (ಕಾಳು ಬೆರೆತ ಗಟ್ಟಿ ಪಾಕ) ಬೀಜವಾಗಿ ಸಿಗುತ್ತದೆ, ಕಾಳು ಬೆಳೆಸಿದರಾಯಿತು, ಮೂರು ತಾಸಿನ ಕೆಲಸ. ಇಪ್ಪತ್ತು ಇಪ್ಪತ್ತೈದು ಎ ಪ್ಯಾನ್ ತೆಗೆದ ಮೇಲೆ ಬಿ. ಸೀಜನ್ನಿನ ಕೊನೆ ತಿಂಗಳಲ್ಲಿ, ಒತ್ತಡ ಇಳಿದಾಗ, ಹಿರಿಯರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುವಾಗ ಸಿ ಗ್ರೇನಿಂಗ್. ಮೊದಲೇ ಸಿ ಮೇಲೆ ನಿಲ್ಲಿಸಿದರೆ ಎರಡು ಪ್ಯಾನ್ ಕೆಟ್ಟು, ಹುಡುಗನ ಧೈರ್ಯ ಹೋಗಿ, 'ಇವನ ಕೈಲಿ ಆಗಂಗಿಲ್ಲ' ಎಂಬ ಮುದ್ರೆ ಬೀಳುತ್ತದೆ. ಆಫ್ ಸೀಜನ್ನಿನಲ್ಲಿ ಇಂಥವರನ್ನು ತರಬೇತಿಗೆ ಕಳಿಸಬಹುದು. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಪುಣೆ ಹತ್ತಿರದ ಮಾಂಜರಿಯಲ್ಲಿ ವಸಂತದಾದಾ ಸಕ್ಕರೆ ಸಂಸ್ಥೆ, ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯಲ್ಲಿ ಶುಗರ್ ಬಾಯ್ಲಿಂಗ್‌ಗೇ ಪ್ರತ್ಯೇಕ ಸರ್ಟಿಫಿಕೇಟ್ ಕೋರ್ಸ್. 'ಕಲಿಸಿದರೆ ಹೋಗಿಬಿಡ್ತಾರ' ಎನ್ನುವವರಿಗೆ ಒಂದೇ ಮಾತು: ಕಲಿಯದೆ ಉಳಿದವನ ಕೈಗೆ 60 ಟನ್ನಿನ ಪ್ಯಾನ್ ಕೊಟ್ಟು ನೋಡಿ.

ಬೈಗುಳದ ವಿಷಯ ಯಾರೂ ಬರೆದು ಕೊಡುವುದಿಲ್ಲ, ಆದರೆ ಕ್ವಾರ್ಟರ್ಸ್ ಮಾತುಕತೆಯಲ್ಲಿ ಮೂರನೇ ಕಪ್ ಚಹಾಕ್ಕೆ ಅದು ಬರುತ್ತದೆ. ಲ್ಯಾಬ್‌ನಿಂದ ಪ್ಯುರಿಟಿ 34 ಎಂದು ಬಂದ ಕೂಡಲೇ ಮೇಲಿನವರು ಪ್ಯಾನ್ ಫ್ಲೋರ್‌ಗೆ ಹತ್ತಿ ಎಲ್ಲರೆದುರು ಪ್ಯಾನ್‌ಮನ್ ಮೇಲೆ ಕೂಗಾಡುತ್ತಾರೆ. ತಪ್ಪು ಅರ್ಧ ಸಲ ಅವನದಲ್ಲ. ವ್ಯಾಕ್ಯೂಮ್ ಹಿಡಿದಿಡುವ ಕಂಡೆನ್ಸರ್‌ಗೆ ಬರುವ ನೀರು ಬೆಚ್ಚಗಿತ್ತು, ಆ ನೀರು ತಣಿಸುವ ಸ್ಪ್ರೇ ಪಾಂಡ್‌ನ ನಾಝಲ್ ಕಟ್ಟಿಕೊಂಡಿದ್ದವು, ವ್ಯಾಕ್ಯೂಮ್ 23ಕ್ಕೆ ಇಳಿದಿತ್ತು. ಅವನ ಹತ್ತಿರ ಸಾಕ್ಷಿ ಇರುವುದಿಲ್ಲ. ಇದಕ್ಕೆ ಮದ್ದು ಅಗ್ಗದ್ದು: ಪ್ಯಾನ್‌ಗೊಂದು ಬಾಯ್ಲಿಂಗ್ ಶೀಟ್, ಅರ್ಧ ತಾಸಿಗೊಮ್ಮೆ ವ್ಯಾಕ್ಯೂಮ್, ಬಿಸಿ, ಸ್ಟೀಮ್ ಪ್ರೆಶರ್ ಬರೆದು ಸಹಿ. ಕಾಗದದ ಖರ್ಚು ಸೀಜನ್ನಿಗೆ ಕೆಲವು ಸಾವಿರ. ಈ ಶೀಟ್ ಬಂದ ಮೇಲೆ ಕೂಗಾಟ ಸ್ಪ್ರೇ ಪಾಂಡ್ ಕಡೆಗೆ ತಿರುಗುತ್ತದೆ, ಪ್ಯಾನ್‌ಮನ್ ತಲೆ ಎತ್ತಿ ನಿಲ್ಲುತ್ತಾನೆ. ನಮ್ಮ ಅಂದಾಜಿನಲ್ಲಿ ಪಗಾರ ಏರಿಕೆಗಿಂತ ಹೆಚ್ಚು ಜನರನ್ನು ಉಳಿಸಿದ್ದು ಈ ಹಾಳೆ.

ಮಾಡಬಾರದ್ದನ್ನೂ ಹೇಳಬೇಕು. ಮೂಲ ಮಾರ್ಕ್ಸ್‌ಕಾರ್ಡ್, ಬಾಯ್ಲರ್ ಸರ್ಟಿಫಿಕೇಟ್ ಇಸಿದುಕೊಂಡು ಕಪಾಟಿನಲ್ಲಿಡುವ ಹಳೆ ಚಾಳಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರಿಂದ ಯಾರೂ ನಿಲ್ಲುವುದಿಲ್ಲ. ಎರಡನೇ ಪ್ರತಿ ಮಾಡಿಸಿಕೊಂಡು ಹೋಗುತ್ತಾರೆ, ಹೋಗುವಾಗ ಜೊತೆಗೆ ಮೂವರನ್ನು ಎತ್ತಿಕೊಂಡು ಹೋಗುತ್ತಾರೆ. ಹೊಸ ಕಾರ್ಖಾನೆ ಏಳುವಾಗ ಇದು ಸಾಮಾನ್ಯ. ಇನ್‌ಚಾರ್ಜ್ ಒಬ್ಬರನ್ನು ಕರೆದರೆ ಇಡೀ ತಂಡ ಒಂದೇ ಟಂಟಂನಲ್ಲಿ ಹೊರಡುತ್ತದೆ. ಇನ್ನೊಂದು ತಪ್ಪು, ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟವನಿಗಷ್ಟೇ ಗುಟ್ಟಾಗಿ ಪಗಾರ ಏರಿಸುವುದು. ಕಾರ್ಖಾನೆ ಕಾಲೊನಿಯಲ್ಲಿ ಗುಟ್ಟು ಒಂದು ರಾತ್ರಿ ನಿಲ್ಲುವುದಿಲ್ಲ. ದಸರೆಗೆ ಬನ್ನಿ ಕೊಡಲು ಬಂದವರ ಕಿಸೆಯಲ್ಲಿ ಇನ್ನೂ ನಾಲ್ಕು ರಾಜೀನಾಮೆ ಇರುತ್ತವೆ.

ಇಷ್ಟೆಲ್ಲ ಮಾಡಿಯೂ ಹೋಗುವವರು ಹೋಗುತ್ತಾರೆ. ಆಫ್ರಿಕಾದ ಪಗಾರಕ್ಕೆ ಇಲ್ಲಿಯ ಪಗಾರ ಸಾಟಿಯಲ್ಲ, ಮನೆ ಕಟ್ಟಬೇಕು, ಮಗಳ ಮದುವೆ ಇದೆ. ಆಗ ಬಿಡುವ ರೀತಿ ಮುಖ್ಯ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಂತೆ ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಅದಕ್ಕಾಗಿ ಸ್ಟೋರ್, ಕ್ವಾರ್ಟರ್ಸ್, ಸೊಸೈಟಿ ಸಾಲದ ನೋ ಡ್ಯೂಸ್ ಕಾಗದಗಳನ್ನು ನೋಟಿಸ್ ಅವಧಿಯಲ್ಲೇ ಓಡಾಡಿಸಿ ಮುಗಿಸಬೇಕು, ಕೊನೆ ದಿನ ಶುರು ಮಾಡಿದರೆ ಆಗುವುದಿಲ್ಲ. ಪಿ.ಎಫ್. ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕುವುದನ್ನು ಸೇಡಿಗಾಗಿ ತಡೆಹಿಡಿಯಬಾರದು, ಅದಿಲ್ಲದೆ ಅವರ ಹಳೆ ಹಣ ಹೊಸ ಖಾತೆಗೆ ಹೋಗುವುದು ಸಿಕ್ಕಿಕೊಳ್ಳುತ್ತದೆ. ಅನುಭವ ಪತ್ರದಲ್ಲಿ ಯಾವ ಪ್ಯಾನ್, ಎಷ್ಟು ಟನ್, ಎಷ್ಟು ಸೀಜನ್ ಎಂದು ಸ್ಪಷ್ಟವಾಗಿ ಬರೆದು ಕೊಡಬೇಕು. ಕೊನೆ ವಾರ ಅವರನ್ನು ಎರಡನೇ ಕೈಯ ಜೊತೆ ಕೂರಿಸಿ, ಸ್ಲರಿ ಅರೆಯುವ ಪ್ರಮಾಣ, ಯಾವ ಪ್ಯಾನ್‌ನ ಯಾವ ವಾಲ್ವ್ ಸೋರುತ್ತದೆ, ಯಾವ ಗೇಜ್ ಸುಳ್ಳು ಹೇಳುತ್ತದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಹೀಗೆ ಹೋದವರ ನಂಬರ್ ಪ್ಯಾನ್ ಫ್ಲೋರ್‌ನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಗೇ ಉಳಿದಿರುತ್ತದೆ. ಡಿಸೆಂಬರ್‌ನಲ್ಲಿ ರಾತ್ರಿ ಎರಡು ಗಂಟೆಗೆ ಸಿ ಪ್ಯಾನ್‌ನಲ್ಲಿ ಫಾಲ್ಸ್ ಗ್ರೇನ್ ಕಂಡು ಹುಡುಗ ಫೋನ್ ಹಚ್ಚಿದರೆ, ಉಗಾಂಡಾದಲ್ಲಿ ಆಗ ಹನ್ನೊಂದೂವರೆ. ಅತ್ತ ಕಡೆಯಿಂದ ಬರುವ ಮೊದಲ ಮಾತು: 'ಹೆದರಬ್ಯಾಡೋ ತಮ್ಮ, ಮೊದಲ ವ್ಯಾಕ್ಯೂಮ್ ಎಷ್ಟೈತಿ ಹೇಳ.'